ರೋಗಿಯ ದಾಖಲೆ ಗಣಕಕ್ಕೆ ಏರಿದ ಬಗೆ: ಮುಂದಾಳುಗಳ ವೃತ್ತಿಮೂಲಗಳ ವಿಚಾರ

೧

ಒಂದು ಸಂಸ್ಥೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಕಟ್ಟಡ, ಧನಮೂಲ, ಸ್ಥಾಪಕರ ಹೆಸರು ಇವಿಷ್ಟನ್ನು ಹೇಳಿ ಮುಗಿಸುವುದುಂಟು. ಆ ಸ್ಥಾಪಕರು ಅದಕ್ಕೆ ಮೊದಲು ಯಾವ ವೃತ್ತಿಯಲ್ಲಿ ಪಳಗಿದ್ದರು, ಆ ವೃತ್ತಿ ಅವರಿಗೆ ಎಂತಹ ದೃಷ್ಟಿಯನ್ನು ಕೊಟ್ಟಿತ್ತು ಎಂಬ ಪ್ರಶ್ನೆ ಅಷ್ಟಾಗಿ ವಿಚಾರಕ್ಕೆ ಬರುವುದಿಲ್ಲ. ಕಳೆದ ಕಾಲು ಶತಮಾನದಲ್ಲಿ ನಮ್ಮ ದೇಶದ ಆಸ್ಪತ್ರೆಗಳೊಳಗೆ ಗಣಕಯಂತ್ರವು ಪ್ರವೇಶಿಸಿ, ರೋಗಿಯ ಚೀಟಿಯನ್ನೂ ವೈದ್ಯನ ಕಡತವನ್ನೂ ಔಷಧಾಲಯದ ಲೆಕ್ಕವನ್ನೂ ಒಂದೊಂದಾಗಿ ತನ್ನ ವಶಕ್ಕೆ ತೆಗೆದುಕೊಂಡಿದೆ. ಇದನ್ನು ನಡೆಸಿದವರು ಯಾರು? ಅವರು ವೈದ್ಯರೇ, ಎಂಜಿನಿಯರರೇ, ಆಡಳಿತಗಾರರೇ, ವ್ಯಾಪಾರಿಗಳೇ? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರ ಕೇವಲ ಕುತೂಹಲದ್ದಲ್ಲ. ದಾಖಲೆಯನ್ನು ಯಾರು ರೂಪಿಸುತ್ತಾರೋ ಅವರ ಕಸುಬಿನ ಗುರುತು ಆ ದಾಖಲೆಯ ಮೇಲೆ ಉಳಿಯುತ್ತದೆ. ನಾಳೆ ನಾವೋ ನಮ್ಮ ಹಿರಿಯರೋ ಹಾಸಿಗೆ ಹಿಡಿದಾಗ ವೈದ್ಯರ ಕಣ್ಣಿಗೆ ಬೀಳುವುದು ಆ ದಾಖಲೆಯೇ. ಅದರಲ್ಲಿ ಏನು ಬರೆದಿದೆ, ಏನು ಬಿಟ್ಟುಹೋಗಿದೆ ಎಂಬುದರ ಮೇಲೆ ಚಿಕಿತ್ಸೆ ನಿಂತಿರುತ್ತದೆ. ಆದುದರಿಂದ ದಾಖಲೆಯ ಶಿಲ್ಪಿಗಳ ಮೂಲವನ್ನು ತಿಳಿಯುವುದು ರೋಗಿಗಳಾಗಬಹುದಾದ ನಮ್ಮೆಲ್ಲರಿಗೂ ಸಂಬಂಧಿಸಿದ ವಿಷಯ.

೨

ಚರ್ಚೆಯನ್ನು ನಮ್ಮ ಬಡಾವಣೆಯಿಂದಲೇ ಆರಂಭಿಸಬಹುದು. ಕೀಲ್ಪಾಕಿನ ಸರಕಾರಿ ವೈದ್ಯಕೀಯ ಕಾಲೇಜಿನ ಮುಂದೆ ದಿನವೂ ಹಾದುಹೋಗುವ ಕನ್ನಡಿಗರಲ್ಲಿ ಆ ಸಂಸ್ಥೆಯ ಬುಡದಲ್ಲಿ ಹಾಸನದ ಸೀಮೆಯ ಒಬ್ಬ ಕನ್ನಡಿಗನ ಕೈ ಇದೆಯೆಂದು ಬಲ್ಲವರು ವಿರಳ. ಹೇಮಾವತಿಯ ದಡದ ಗೊರೂರಿನವರಾದ ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿಗಳು (೧೮೮೭–೧೯೬೨) ಕಲಾಪದವಿ, ಕಾನೂನುಪದವಿ, ವೈದ್ಯಪದವಿ ಮೂರನ್ನೂ ಪಡೆದವರು. ಮದರಾಸು ಸರಕಾರವು ೧೯೨೧ರಲ್ಲಿ ಮಹಮ್ಮದ್ ಉಸ್ಮಾನರ ಅಧ್ಯಕ್ಷತೆಯಲ್ಲಿ ದೇಶೀಯ ವೈದ್ಯಪದ್ಧತಿಗಳ ವಿಚಾರಕ್ಕೆ ನೇಮಿಸಿದ ಸಮಿತಿಗೆ ಇವರೇ ಕಾರ್ಯದರ್ಶಿಗಳು. ೧೯೨೩ರಲ್ಲಿ ಸಮಿತಿಯ ವರದಿ ಬಂದಿತು. ಅದರ ಫಲವಾಗಿ ೧೯೨೫ರ ಸುಮಾರಿಗೆ ಕೀಲ್ಪಾಕಿನಲ್ಲಿ ಸರಕಾರಿ ಭಾರತೀಯ ವೈದ್ಯಶಾಲೆ ನೆಲೆಗೊಂಡಿತು. ಆಯುರ್ವೇದ, ಸಿದ್ಧ, ಯುನಾನಿ ಮೂರನ್ನೂ ಆಧುನಿಕ ವೈದ್ಯದ ಪರಿಚಯದೊಡನೆ ಬೋಧಿಸಿದ ಆ ಶಾಲೆಗೆ ಶ್ರೀನಿವಾಸಮೂರ್ತಿಗಳೇ ಮೊದಲ ಮುಖ್ಯಸ್ಥರು. ಅದು ಮುಂದೆ ಮಿಶ್ರವೈದ್ಯದ ಕಾಲೇಜಾಗಿ, ೧೯೬೦ರಲ್ಲಿ ಕೀಲ್ಪಾಕ್ ವೈದ್ಯಕೀಯ ಕಾಲೇಜಾಗಿ ಮಾರ್ಪಟ್ಟಿತು.

ಈ ಪೂರ್ವಕಥೆಯನ್ನು ಇಲ್ಲಿ ತಂದುದಕ್ಕೆ ಕಾರಣವುಂಟು. ಶ್ರೀನಿವಾಸಮೂರ್ತಿಗಳ ಎದುರಿಗಿದ್ದುದು ಒಂದು ಜ್ಞಾನವನ್ನು ಮತ್ತೊಂದು ಜ್ಞಾನದ ಭಾಷೆಯಲ್ಲಿ ಹೇಳುವ ಸಮಸ್ಯೆ. ವೈದ್ಯರಾಗಿ ಅವರು ಒಂದು ಪಕ್ಷವನ್ನು ಬಲ್ಲವರು, ಗ್ರಂಥಗಳ ವ್ಯಾಸಂಗದಿಂದ ಮತ್ತೊಂದನ್ನು ಅರಿತವರು, ಕಾನೂನಿನ ಶಿಕ್ಷಣದಿಂದ ಎರಡು ವಾದಗಳನ್ನೂ ತೂಗಿ ನೋಡಲು ಕಲಿತವರು. ಮುಂದೆ ಅಡಯಾರ್ ಗ್ರಂಥಭಂಡಾರದ ನಿರ್ದೇಶಕರೂ ಆದರು. ಒಂದು ಕ್ಷೇತ್ರವು ಹೊಸ ರೂಪವನ್ನು ತಾಳುವಾಗ ಅದರ ಮುಂದಾಳು ಹೀಗೆ ಗಡಿಯಲ್ಲಿ ನಿಂತವನಾಗಿರುವುದು ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಅದೇ ೧೯೨೫ರಲ್ಲಿ ಪಡುವಣ ಕರಾವಳಿಯ ಉಡುಪಿಯಲ್ಲಿ ಇನ್ನೊಂದು ಗಡಿ ದಾಟಿದ ಕಾರ್ಯ ನಡೆಯಿತು. ವೈದ್ಯರಾದ ಡಾ. ಟಿ. ಎಂ. ಎ. ಪೈ, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಎಂಜಿನಿಯರರಾದ ವಾಮನ ಕುಡ್ವ ಈ ಮೂವರು ೮,೦೦೦ ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ೧೯೨೮ರಲ್ಲಿ ಆರಂಭವಾದ ಅದರ ಪಿಗ್ಮಿ ಠೇವಣಿಯ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಕಟ್ಟಿಸಿಕೊಂಡು ಚೀಟಿ ಬರೆದುಕೊಡುತ್ತಿದ್ದನು. ೧೯೫೩ರಲ್ಲಿ ಅದೇ ಪೈಗಳು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದರು. ಸಿಂಡಿಕೇಟ್ ಬ್ಯಾಂಕು ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತಾದರೂ, ವೈದ್ಯನೊಬ್ಬನು ಬ್ಯಾಂಕನ್ನು ಕಟ್ಟಬಲ್ಲನೆಂಬ ನಿದರ್ಶನ ಉಳಿದಿದೆ. ನೂರು ವರ್ಷಗಳ ಬಳಿಕ ಪ್ರಶ್ನೆ ತಿರುಗಿ ನಿಂತಿದೆ: ಬ್ಯಾಂಕಿನ ಬಗೆಯಲ್ಲಿ ಆಲೋಚಿಸುವವನು ಆಸ್ಪತ್ರೆಯನ್ನು ಕಟ್ಟಬಲ್ಲನೇ?

೩

ಪಶ್ಚಿಮದ ದೇಶಗಳ ಅನುಭವವನ್ನು ಸಂಕ್ಷೇಪವಾಗಿ ನೋಡೋಣ. ಅಮೆರಿಕದಲ್ಲಿ ಗಣಕವನ್ನು ರೋಗಿಯ ಬಳಿಗೆ ತಂದ ಮೊದಲ ತಲೆಮಾರಿನವರಲ್ಲಿ ಪ್ರಮುಖರು ವೈದ್ಯರೇ. ಸಾಲ್ಟ್ ಲೇಕ್ ನಗರದ ಆಸ್ಪತ್ರೆಯಲ್ಲಿ ೧೯೬೭ರಿಂದ ‘ಹೆಲ್ಪ್’ ಎಂಬ ವ್ಯವಸ್ಥೆಯನ್ನು ಬೆಳೆಸಿದ ಹೋಮರ್ ವಾರ್ನರ್ ಹೃದ್ರೋಗತಜ್ಞರು. ಅದೇ ದಶಕದಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ‘ಮಂಪ್ಸ್’ ಎಂಬ ಗಣಕಭಾಷೆಯ ಹುಟ್ಟಿಗೆ ಕಾರಣರಾದ ಆಕ್ಟೋ ಬಾರ್ನೆಟ್ ಸಹ ವೈದ್ಯರು. ರೋಗಿಯ ಸಮಸ್ಯೆಗಳ ಪಟ್ಟಿಯನ್ನೇ ದಾಖಲೆಯ ಬೆನ್ನೆಲುಬಾಗಿ ಮಾಡಬೇಕೆಂದು ೧೯೬೮ರಲ್ಲಿ ವಾದಿಸಿದ ಲಾರೆನ್ಸ್ ವೀಡ್ ಸಹ ವೈದ್ಯರೇ. ಎರಡನೆಯ ತಲೆಮಾರಿನಲ್ಲಿ ನಾಯಕತ್ವವು ಕೈ ಬದಲಾಯಿಸಿತು. ೧೯೭೯ರಲ್ಲಿ ‘ಎಪಿಕ್’ ಸಂಸ್ಥೆಯನ್ನು ಆರಂಭಿಸಿದ ಜುಡಿತ್ ಫಾಕ್ನರ್ ಗಣಕವಿಜ್ಞಾನದವರು, ಅದೇ ವರ್ಷ ‘ಸರ್ನರ್’ ಸಂಸ್ಥೆಯನ್ನು ಕಟ್ಟಿದ ನೀಲ್ ಪ್ಯಾಟರ್ಸನ್ ಲೆಕ್ಕಪರಿಶೋಧನೆಯ ಕಂಪನಿಯೊಂದರಿಂದ ಬಂದ ಸಲಹೆಗಾರರು.

ಇಂಗ್ಲೆಂಡಿನ ಕಥೆ ಹೆಚ್ಚು ಬೋಧಪ್ರದವಾದುದು. ೨೦೦೨ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಯ ಗಣಕೀಕರಣದ ಬೃಹತ್ ಯೋಜನೆಗೆ ವ್ಯವಹಾರ ಸಲಹೆಗಾರರಾಗಿದ್ದ ರಿಚರ್ಡ್ ಗ್ರೇಂಜರ್ ನಿರ್ದೇಶಕರಾದರು. ಗುತ್ತಿಗೆಗಳನ್ನು ಬಿಗಿಯಾಗಿ ಬರೆಯುವುದರಲ್ಲಿ ಅವರು ನಿಪುಣರೆಂದು ಹೆಸರಾಗಿದ್ದರು. ಆದರೆ ವೈದ್ಯರ ಸಮ್ಮತಿಯನ್ನು ಗಳಿಸಲಾರದೆ, ಕಾಲಾವಧಿಗಳು ಮೀರಿ, ಕೊನೆಗೆ ೨೦೧೧ರಲ್ಲಿ ಆ ಯೋಜನೆಯನ್ನು ಕಳಚಿಹಾಕುವುದಾಗಿ ಸರಕಾರವೇ ಸಾರಿತು. ಬಳಿಕ ೨೦೧೬ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ವಾಕ್ಟರ್ ನೀಡಿದ ವರದಿಯು, ಆಸ್ಪತ್ರೆಗಳಲ್ಲಿ ವೈದ್ಯವನ್ನೂ ಗಣಕವನ್ನೂ ಬಲ್ಲ ಅಧಿಕಾರಿಗಳನ್ನು ತರಬೇತುಗೊಳಿಸಬೇಕೆಂದು ಹೇಳಿತು. ಯಂತ್ರವನ್ನು ಕೊಳ್ಳುವುದು ಸುಲಭ, ಅದನ್ನು ರೋಗಿಯ ಹಾಸಿಗೆಯ ಬಳಿಗೆ ಒಯ್ಯುವ ಮನುಷ್ಯರನ್ನು ತಯಾರಿಸುವುದು ಕಷ್ಟ ಎಂಬುದು ಇದರ ಸಾರ.

೪

ಇನ್ನು ನಮ್ಮ ನಾಡಿಗೆ ಬರೋಣ. ಇಲ್ಲಿ ದೂರವೈದ್ಯದ ಮೊದಲ ಹೆಜ್ಜೆಗಳನ್ನು ಇಟ್ಟವರು ಶಸ್ತ್ರವೈದ್ಯರು, ಹೃದಯವೈದ್ಯರು ಮತ್ತು ಆಕಾಶವಿಜ್ಞಾನಿಗಳು. ಚಿತ್ತೂರು ಸೀಮೆಯ ಅರಗೊಂಡ ಎಂಬ ಹಳ್ಳಿಯವರಾದ ಹೃದ್ರೋಗತಜ್ಞ ಡಾ. ಪ್ರತಾಪ್ ಸಿ. ರೆಡ್ಡಿಯವರು ೧೯೮೩ರಲ್ಲಿ ಮದರಾಸಿನಲ್ಲಿ ಅಪೋಲೋ ಆಸ್ಪತ್ರೆಯನ್ನು ಸ್ಥಾಪಿಸಿದ್ದರು. ೨೦೦೦ದ ಮಾರ್ಚ್ ತಿಂಗಳಲ್ಲಿ ಆ ಹಳ್ಳಿಯ ಆಸ್ಪತ್ರೆಯ ದೂರವೈದ್ಯ ಕೇಂದ್ರವನ್ನು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ನರು ಉದ್ಘಾಟಿಸಿದರು. ಈ ಕಾರ್ಯವನ್ನು ಚೆನ್ನೈಯಿಂದ ಬೆಳೆಸಿದ ಡಾ. ಕೆ. ಗಣಪತಿಯವರು ನರಶಸ್ತ್ರವೈದ್ಯರು. ನರರೋಗದ ತಜ್ಞರು ಮಹಾನಗರಗಳಲ್ಲೇ ನೆಲೆಸಿರುವಾಗ ಹಳ್ಳಿಯ ರೋಗಿಗೆ ಅವರ ಕಣ್ಣು ತಲಪುವುದು ಹೇಗೆ ಎಂಬ ಚಿಂತೆ ಅವರ ವೃತ್ತಿಯೊಳಗಿಂದಲೇ ಮೂಡಿದುದು.

ಕರ್ನಾಟಕದಲ್ಲಿ ಇದಕ್ಕೆ ಸಮಾನವಾದ ಕಾರ್ಯವು ೨೦೦೨ರಲ್ಲಿ ನಡೆಯಿತು. ಕಿನ್ನಿಗೋಳಿಯಲ್ಲಿ ೧೯೫೩ರಲ್ಲಿ ಜನಿಸಿ, ಮಂಗಳೂರಿನಲ್ಲಿ ಓದಿ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಪಳಗಿ ಬಂದ ಹೃದಯಶಸ್ತ್ರವೈದ್ಯ ಡಾ. ದೇವಿಪ್ರಸಾದ್ ಶೆಟ್ಟಿಯವರು ಬೆಂಗಳೂರಿನ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯವನ್ನು ಕಟ್ಟಿದ್ದರು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ತನ್ನ ಉಪಗ್ರಹದ ಮೂಲಕ ಆ ಆಸ್ಪತ್ರೆಯನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತು. ಸಂಸ್ಥೆಯ ಅಧ್ಯಕ್ಷರಾಗಿದ್ದ ಡಾ. ಕೆ. ಕಸ್ತೂರಿರಂಗನ್ನರು ಖಗೋಳ ಭೌತವಿಜ್ಞಾನದಿಂದ ಬಂದವರು. ಸರಗೂರಿನ ಕೊನೆಯಲ್ಲಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರು ೧೯೮೪ರಲ್ಲಿ ಸ್ವಾಮಿ ವಿವೇಕಾನಂದ ಯುವ ಚಳುವಳಿಯನ್ನು ಸ್ಥಾಪಿಸಿ ಹೆಗ್ಗಡದೇವನಕೋಟೆಯ ಕಾಡುಜನರ ನಡುವೆ ದುಡಿದ ವೈದ್ಯರು. ಹೀಗೆ ಒಂದೇ ತಂತುವಿನ ಮೂರು ಗಂಟುಗಳಲ್ಲಿ ಮೂರು ಬಗೆಯ ವೃತ್ತಿಗಳಿದ್ದವು.

ಶೆಟ್ಟಿಯವರ ಹೆಸರು ಇನ್ನೊಂದು ಕಾರ್ಯದೊಡನೆಯೂ ಸೇರಿದೆ. ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ ೨೦೦೩ರಲ್ಲಿ ಜಾರಿಗೆ ಬಂದ ‘ಯಶಸ್ವಿನಿ’ ಯೋಜನೆಯಲ್ಲಿ ತಿಂಗಳಿಗೆ ೫ ರೂಪಾಯಿನಂತೆ ವರ್ಷಕ್ಕೆ ೬೦ ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ವೆಚ್ಚ ದೊರೆಯುತ್ತಿತ್ತು. ಮೊದಲ ವರ್ಷದಲ್ಲಿಯೇ ಸುಮಾರು ೧೬ ಲಕ್ಷ ಮಂದಿ ಸೇರಿದರು. ಇಷ್ಟು ಮಂದಿಯ ಗುರುತು, ಚಂದಾ, ಚಿಕಿತ್ಸೆಯ ಬಿಲ್ಲು ಇವನ್ನು ಲೆಕ್ಕದಲ್ಲಿಡುವುದು ಹಳೆಯ ಪಟ್ಟಿಪುಸ್ತಕಗಳಿಗೆ ಮೀರಿದ ಕೆಲಸ. ಶಸ್ತ್ರವೈದ್ಯನ ಆಲೋಚನೆಯು ಇಲ್ಲಿ ಪಿಗ್ಮಿ ಠೇವಣಿಯ ಗಣಿತವನ್ನೇ ಹಿಡಿದಿದೆ. ಅಲ್ಪವನ್ನು ಅನೇಕರಿಂದ ಕೂಡಿಸುವ ಈ ಕರಾವಳಿಯ ವಿದ್ಯೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿದು ಬಂದಂತೆ ಕಾಣುತ್ತದೆ.

೫

ಮತ್ತೆ ಕೀಲ್ಪಾಕಿಗೆ ಬರಬೇಕಾಗಿದೆ. ಇಲ್ಲಿಯ ಸರಕಾರಿ ಮಾನಸಿಕ ಆಸ್ಪತ್ರೆಗೆ ೧೯೬೧ರಲ್ಲಿ ಮೊದಲ ಮಹಿಳಾ ಮೇಲ್ವಿಚಾರಕರಾಗಿ ಬಂದ ಡಾ. ಎಂ. ಶಾರದಾ ಮೆನನ್ (೧೯೨೩–೨೦೨೧) ಮಂಗಳೂರಿನಲ್ಲಿ ಜನಿಸಿದವರು. ನ್ಯಾಯಾಧೀಶರ ಮಗಳು. ಮದರಾಸಿನಲ್ಲಿ ವೈದ್ಯವನ್ನೂ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮನೋವೈದ್ಯವನ್ನೂ ಕಲಿತರು. ೧೯೭೮ರವರೆಗೆ ಇಲ್ಲಿ ಸೇವೆ ಸಲ್ಲಿಸಿ, ನಿವೃತ್ತರಾದ ಮೇಲೆ ೧೯೮೪ರಲ್ಲಿ ಡಾ. ಆರ್. ತಾರಾ ಮೊದಲಾದವರೊಡನೆ ‘ಸ್ಕಾರ್ಫ್’ ಎಂಬ ಸ್ಕಿಜೋಫ್ರೇನಿಯಾ ಸಂಶೋಧನ ಪ್ರತಿಷ್ಠಾನವನ್ನು ಚೆನ್ನೈಯಲ್ಲಿ ಸ್ಥಾಪಿಸಿದರು.

ಈ ಪ್ರತಿಷ್ಠಾನವು ೨೦೧೦ರಲ್ಲಿ ಪುದುಕೋಟೆ ಜಿಲ್ಲೆಯಲ್ಲಿ ಒಂದು ಬಸ್ಸನ್ನು ಹೊರಡಿಸಿತು. ಬಸ್ಸಿನೊಳಗೆ ಒಂದು ಪರದೆ, ಒಂದು ಔಷಧದ ಕಪಾಟು. ಹಳ್ಳಿಯ ರೋಗಿ ಬಸ್ಸನ್ನೇರಿ ಕುಳಿತರೆ ಚೆನ್ನೈಯ ಮನೋವೈದ್ಯರು ಪರದೆಯಲ್ಲಿ ಮಾತನಾಡುವರು, ಬರೆದ ಔಷಧವು ಅಲ್ಲಿಯೇ ದೊರೆಯುವುದು. ಇಲ್ಲಿ ಯಂತ್ರದ ಭಾಗ ಅಲ್ಪ. ರೋಗಿ ಆಸ್ಪತ್ರೆಗೆ ಏಕೆ ಬರುವುದಿಲ್ಲ, ಬಂದವನು ಔಷಧವನ್ನು ಏಕೆ ನಿಲ್ಲಿಸುತ್ತಾನೆ, ಮನೆಯವರು ಯಾರ ಕಣ್ಣಿಗೆ ಅಂಜುತ್ತಾರೆ ಎಂಬುದನ್ನು ದಶಕಗಳ ಕಾಲ ಕಂಡವರ ಅನುಭವವೇ ಆ ಬಸ್ಸಿನ ರಚನೆಯಾಯಿತು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ ಮಾನಸ್’ ಎಂಬ ರಾಷ್ಟ್ರೀಯ ದೂರವಾಣಿ ಸೇವೆಯೂ ಇದೇ ದಾರಿಯದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ, ಯಂತ್ರವ್ಯವಸ್ಥೆಗೆ ಬೆಂಗಳೂರಿನದೇ ಆದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ನೆರವು. ವೈದ್ಯರು ಮುಂದೆ, ಎಂಜಿನಿಯರರು ಪಕ್ಕದಲ್ಲಿ.

ಕರ್ನಾಟಕದ ಮತ್ತೆರಡು ನಿದರ್ಶನಗಳನ್ನು ಕೊಡಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿಣೇಕರ್ ಅವರು ೨೦೦೮ರಲ್ಲಿ ಆರಂಭಿಸಿದ ‘ಕಿಡ್ರಾಪ್’ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ತಂತ್ರಿಗಳು ಕ್ಯಾಮೆರಾವನ್ನು ಹೊತ್ತು ಜಿಲ್ಲೆಗಳ ಶಿಶುಘಟಕಗಳಿಗೆ ಹೋಗುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಅಕ್ಷಿಪಟದ ಚಿತ್ರ ದೂರದ ತಜ್ಞನಿಗೆ ತಲಪುತ್ತದೆ. ಕೆಲವೇ ವಾರಗಳು ಕಳೆದರೆ ಮರಳಿ ಬಾರದ ದೃಷ್ಟಿಯ ಪ್ರಶ್ನೆಯಿದು. ಎರಡನೆಯದು ಸುರತ್ಕಲ್ಲಿನ ಎಂಜಿನಿಯರಿಂಗ್ ವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಶಶಾಂಕ್ ಎನ್. ಡಿ. ಮತ್ತು ಅಭಿನವ್ ಲಾಲ್ ೨೦೦೮ರಲ್ಲಿಯೇ ಆರಂಭಿಸಿದ ‘ಪ್ರಾಕ್ಟೋ’. ತಂದೆಯ ಮೊಣಕಾಲಿನ ಚಿಕಿತ್ಸೆಯ ಸಂದರ್ಭದಲ್ಲಿ ಮತ್ತೊಬ್ಬ ವೈದ್ಯರಿಗೆ ಕಳುಹಿಸಲು ಗಣಕದಲ್ಲಿ ದಾಖಲೆಗಳೇ ಇಲ್ಲದ್ದು ತಮಗೆ ಪ್ರೇರಣೆಯಾಯಿತೆಂದು ಶಶಾಂಕ್ ಹೇಳಿದ್ದಾರೆ. ಮೊದಲಿನದರಲ್ಲಿ ವೈದ್ಯನ ಅವಸರ, ಎರಡನೆಯದರಲ್ಲಿ ರೋಗಿಯ ಮನೆಯವರ ಪರದಾಟ. ಎರಡೂ ಒಳಗಿನಿಂದ ಹುಟ್ಟಿದ ಪ್ರೇರಣೆಗಳೇ.

೬

೨೦೧೮ರಿಂದ ಈಚೆಗೆ ಕಥೆಯ ಗಾತ್ರವೂ ಪಾತ್ರವರ್ಗವೂ ಬದಲಾದವು. ಆ ವರ್ಷ ನೀತಿ ಆಯೋಗವು ರಾಷ್ಟ್ರೀಯ ಆರೋಗ್ಯ ಗಣಕವ್ಯವಸ್ಥೆಯ ಕಲ್ಪನೆಯನ್ನು ಮುಂದಿಟ್ಟಿತು. ೨೦೧೯ರಲ್ಲಿ ರಾಷ್ಟ್ರೀಯ ಡಿಜಿಟಲ್ ಆರೋಗ್ಯದ ನೀಲನಕ್ಷೆ ಸಿದ್ಧವಾಯಿತು. ೨೦೨೦ರ ಆಗಸ್ಟ್ ೧೫ರಂದು ಪ್ರಾಯೋಗಿಕವಾಗಿ ಆರಂಭವಾದ ಕಾರ್ಯವು ೨೦೨೧ರ ಸೆಪ್ಟೆಂಬರ್ ೨೭ರಂದು ‘ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್’ ಎಂಬ ಹೆಸರಿನಿಂದ ದೇಶವ್ಯಾಪಿಯಾಯಿತು. ಪ್ರತಿಯೊಬ್ಬರಿಗೂ ೧೪ ಅಂಕಿಗಳ ಒಂದು ಸಂಖ್ಯೆ. ಅದರ ಮೂಲಕ ಬೇರೆ ಬೇರೆ ಆಸ್ಪತ್ರೆಗಳಲ್ಲಿರುವ ದಾಖಲೆಗಳನ್ನು ರೋಗಿಯ ಒಪ್ಪಿಗೆಯೊಡನೆ ಒಂದೆಡೆ ನೋಡಬಹುದು.

ಇದರ ಮುಂದಾಳುಗಳ ವೃತ್ತಿಮೂಲವೇನು? ನೀಲನಕ್ಷೆಯ ಸಮಿತಿಯ ಅಧ್ಯಕ್ಷರಾದ ಜೆ. ಸತ್ಯನಾರಾಯಣರು ಆಂಧ್ರದ ಆಡಳಿತ ಸೇವೆಯವರು, ಕೇಂದ್ರದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗಳಾಗಿದ್ದವರು. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಮೊದಲ ಮುಖ್ಯಾಧಿಕಾರಿ ಡಾ. ಇಂದು ಭೂಷಣ್ ಎಂಜಿನಿಯರಿಂಗ್ ಓದಿ, ಆಡಳಿತ ಸೇವೆ ಸೇರಿ, ಆರೋಗ್ಯ ಅರ್ಥಶಾಸ್ತ್ರದಲ್ಲಿ ಪದವಿ ಪಡೆದು, ಏಷ್ಯಾ ಅಭಿವೃದ್ಧಿ ಬ್ಯಾಂಕಿನಲ್ಲಿ ದುಡಿದು ಬಂದವರು. ೨೦೨೧ರಲ್ಲಿ ಅವರ ಸ್ಥಾನಕ್ಕೆ ಬಂದು ‘ಕೋವಿನ್’ ವ್ಯವಸ್ಥೆಯನ್ನು ನಡೆಸಿದ ಡಾ. ಆರ್. ಎಸ್. ಶರ್ಮರು ಗಣಿತ ಮತ್ತು ಗಣಕವಿಜ್ಞಾನವನ್ನು ಓದಿದ ಆಡಳಿತಗಾರರು. ಆಧಾರ್ ಪ್ರಾಧಿಕಾರದಲ್ಲಿ ಬೆಂಗಳೂರಿನ ನಂದನ್ ನಿಲೇಕಣಿಯವರು ೨೦೦೯ರಿಂದ ಅಧ್ಯಕ್ಷರಾಗಿದ್ದಾಗ ಮಹಾನಿರ್ದೇಶಕರಾಗಿದ್ದವರು ಇದೇ ಶರ್ಮರು. ನಿಲೇಕಣಿಯವರಾದರೋ ೧೯೮೧ರಲ್ಲಿ ಇನ್ಫೋಸಿಸ್ಸನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಎಂಜಿನಿಯರರು.

ಅಂದರೆ ಸಣ್ಣ ಪ್ರಯೋಗಗಳ ಕಾಲದಲ್ಲಿ ವೈದ್ಯರೂ ವಿಜ್ಞಾನಿಗಳೂ ಮುಂದಿದ್ದರು. ದೇಶಮಟ್ಟದ ರಚನೆಯ ಕಾಲದಲ್ಲಿ ಆಡಳಿತಗಾರರೂ ಗುರುತಿನ ವ್ಯವಸ್ಥೆಯನ್ನು ಕಟ್ಟಿದ ಎಂಜಿನಿಯರರೂ ಮುಂದೆ ಬಂದರು. ಇದು ಸಹಜವೇ. ಕೋಟ್ಯಂತರ ಜನಕ್ಕೆ ಲಸಿಕೆಯ ಸರದಿಯನ್ನು ಗೊತ್ತುಪಡಿಸುವುದು ಶಸ್ತ್ರವೈದ್ಯನ ಕೆಲಸವಲ್ಲ. ೨೦೨೧ರ ಜನವರಿ ೧೬ರಿಂದ ನಡೆದ ಆ ಮಹಾಕಾರ್ಯದಲ್ಲಿ ಆಡಳಿತಗಾರನ ಗುಣಗಳು ಸಾರ್ಥಕವಾದುವೆಂಬುದನ್ನು ನಿಷ್ಪಕ್ಷಪಾತಿಗಳು ಒಪ್ಪಬೇಕು.

೭

ಆದರೆ ಇಲ್ಲಿಯೇ ಒಂದು ತೊಡಕಿದೆ. ಪ್ರತಿಯೊಂದು ವೃತ್ತಿಗೂ ‘ದಾಖಲೆ’ ಎಂದರೆ ಬೇರೆಯೇ ಅರ್ಥ. ಎಂಜಿನಿಯರನಿಗೆ ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೆಡದೆ ಸಾಗಬೇಕಾದ ಸಂಕೇತ. ಆಡಳಿತಗಾರನಿಗೆ ಅದು ಫಲಾನುಭವಿಯ ಗುರುತು. ವ್ಯಾಪಾರಿಗೆ ಅದು ಬಿಲ್ಲಿನ ಆಧಾರ. ವೈದ್ಯನಿಗೆ ಅದು ರೋಗದ ಕಥೆ, ನಿನ್ನೆಯ ಸಂದೇಹವೂ ಇಂದಿನ ನಿರ್ಣಯವೂ ಅದರಲ್ಲಿರಬೇಕು. ಬ್ಯಾಂಕಿನವನಿಗೆ ಅದು ಖಾತೆ.

ಈ ಕೊನೆಯ ಹೋಲಿಕೆಯನ್ನು ಸ್ವಲ್ಪ ವಿಸ್ತರಿಸುತ್ತೇನೆ. ಏಕೆಂದರೆ ಆರೋಗ್ಯದ ದಾಖಲೆಗೆ ಇಂದು ಹಿಡಿದಿರುವ ಒಪ್ಪಿಗೆಯ ಕ್ರಮವು, ರಿಸರ್ವ್ ಬ್ಯಾಂಕು ೨೦೧೬ರಲ್ಲಿ ಖಾತೆಗಳ ಮಾಹಿತಿಯನ್ನು ಒಂದುಗೂಡಿಸಲು ಹೊರಡಿಸಿದ ನಿರ್ದೇಶನಗಳ ಕ್ರಮವನ್ನೇ ಹೋಲುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಪ್ರತಿ ಜಮೆಗೂ ಒಂದು ಖರ್ಚು ಉಂಟು. ದಿನದ ಕೊನೆಗೆ ಎರಡು ಬದಿಗಳೂ ಸರಿಹೊಂದಬೇಕು, ಹೊಂದದಿದ್ದರೆ ಆ ರಾತ್ರಿಯೇ ತಪ್ಪನ್ನು ಹುಡುಕಬೇಕು. ರೋಗಿಯ ದಾಖಲೆಗೆ ಅಂತಹ ಎದುರುಬದಿ ಇಲ್ಲ. ಪೆನಿಸಿಲಿನ್ ಒಗ್ಗದವನ ದಾಖಲೆಯಲ್ಲಿ ಆ ಒಂದು ಮಾತು ಬಿಟ್ಟುಹೋದರೆ ಯಾವ ಲೆಕ್ಕವೂ ತಪ್ಪುವುದಿಲ್ಲ. ತಪ್ಪು ಗೊತ್ತಾಗುವುದು ರೋಗಿಯ ದೇಹದಲ್ಲಿ. ಆದುದರಿಂದ ಖಾತೆಯ ಮಾದರಿಯನ್ನು ಹಾಗೆಯೇ ಆಸ್ಪತ್ರೆಗೆ ತಂದರೆ ಅದರ ರೂಪ ಬರುತ್ತದೆ, ಅದರ ಕಾವಲು ಬರುವುದಿಲ್ಲ. ಆಸ್ಪತ್ರೆಯಲ್ಲಿ ಆ ಎದುರುಬದಿಯಾಗಬಲ್ಲವರು ಇಬ್ಬರೇ: ಹಾಸಿಗೆಯ ಬಳಿ ನಿಂತ ದಾದಿ, ಮತ್ತು ದಾಖಲೆಯನ್ನು ಓದಿ ಅರಿಯಬಲ್ಲ ರೋಗಿ.

ಬ್ಯಾಂಕುಗಳು ಗಣಕಕ್ಕೆ ಬಂದ ಬಗೆಯಲ್ಲಿ ಇನ್ನೊಂದು ಪಾಠವಿದೆ. ಅರ್ಥಶಾಸ್ತ್ರಜ್ಞ ಸಿ. ರಂಗರಾಜನ್ನರ ಸಮಿತಿಯು ೧೯೮೪ರಲ್ಲಿ ವರದಿಯನ್ನು ಕೊಡುವ ಮೊದಲೇ, ೧೯೮೩ರಲ್ಲಿ, ಯಂತ್ರಗಳ ಬಳಕೆಯ ವಿಷಯದಲ್ಲಿ ನೌಕರರ ಸಂಘಗಳೊಡನೆ ಒಪ್ಪಂದವಾಗಿತ್ತು. ಆ ಚೌಕಾಸಿಯನ್ನು ಪ್ರಗತಿಯ ಅಡ್ಡಿಯೆಂದು ಜರೆದವರಿದ್ದರು. ಆದರೆ ಗುಮಾಸ್ತನು ಮೇಜಿನ ಎದುರು ಕುಳಿತಿದ್ದನು. ಮೇಲೆ ಹೇಳಿದ ಆರೋಗ್ಯಕ್ಷೇತ್ರದ ಹೆಸರುಗಳ ಸಾಲಿನಲ್ಲಿ ಒಬ್ಬ ದಾದಿಯಿಲ್ಲ, ಒಬ್ಬ ಔಷಧಗಾರನಿಲ್ಲ, ದಾಖಲೆಕೋಣೆಯ ಒಬ್ಬ ಗುಮಾಸ್ತನಿಲ್ಲ. ದಿನನಿತ್ಯ ದಾಖಲೆಯನ್ನು ತುಂಬುವವರು ಇವರೇ. ೨೦೨೨ರ ನವೆಂಬರ್ ತಿಂಗಳಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗಣಕಗಳು ದುಷ್ಟರ ದಾಳಿಗೆ ಸಿಕ್ಕಿ ದಿನಗಟ್ಟಲೆ ಸ್ತಬ್ಧವಾದಾಗ ಕಾಗದ, ಲೇಖನಿಗಳಿಂದ ಆಸ್ಪತ್ರೆಯನ್ನು ನಡೆಸಿದ ಕೈಗಳು ಇಂತಹವರದೇ.

ಇನ್ನು ಭಾಷೆಯ ಮಾತು. ಪರಸ್ಥಳದಲ್ಲಿ ನೆಲೆಸಿದ ನಮಗೆ ಇದು ದೂರದ ವಿಷಯವಲ್ಲ. ಮಗನ ಮನೆಗೆ ಬಂದ ಶಿವಮೊಗ್ಗೆಯ ತಾಯಿಯೊಬ್ಬಳು ಇಲ್ಲಿಯ ಆಸ್ಪತ್ರೆಯಲ್ಲಿ ‘ಎದೆ ಹಿಡಿದ ಹಾಗಾಗುತ್ತದೆ’ ಎಂದರೆ, ಕೇಳುವವರು ತಮಿಳಿನಲ್ಲಿ ಕೇಳಿ, ಬರೆಯುವವರು ಇಂಗ್ಲಿಷಿನಲ್ಲಿ ಬರೆದು, ಯಂತ್ರವು ಅದನ್ನು ಒಂದು ಸಂಖ್ಯೆಯಾಗಿ ಮಾಡುತ್ತದೆ. ಮೂರು ದಾಟುಗಳಲ್ಲಿ ಏನು ಕಳೆದುಹೋಯಿತೆಂದು ಹೇಳಬಲ್ಲವಳು ಅವಳೊಬ್ಬಳೇ. ಆ ಪರದೆಯನ್ನು ಅವಳು ಓದಲಾರಳು. ಆಯುರ್ವೇದವನ್ನೂ ಆಧುನಿಕ ವೈದ್ಯವನ್ನೂ ಒಂದೇ ಶಾಲೆಯಲ್ಲಿ ಕೂಡಿಸಹೊರಟ ಶ್ರೀನಿವಾಸಮೂರ್ತಿಗಳ ಸಮಸ್ಯೆಯು ಇಂದು ಹೀಗೆ ಬೇರೊಂದು ವೇಷದಲ್ಲಿ ನಮ್ಮೆದುರು ನಿಂತಿದೆ.

೮

ಈ ವಿಚಾರದಿಂದ ತೇಲುವ ನಿರ್ಣಯಗಳು ಮೂರು. ಒಂದನೆಯದಾಗಿ, ಯಾವ ಒಂದು ವೃತ್ತಿಗೂ ಈ ಕ್ಷೇತ್ರದ ಯಜಮಾನಿಕೆ ಸಲ್ಲದು. ಫಲ ಕೊಟ್ಟ ಪ್ರಯೋಗಗಳಲ್ಲಿ ಚಾಮರಾಜನಗರದ ತಂತುವಿನಲ್ಲಿ ಕಂಡಂತೆ ಹಲವು ಕಸುಬುಗಳು ಕೂಡಿದ್ದವು. ಎರಡನೆಯದಾಗಿ, ಪ್ರಮಾಣವು ಹಿರಿದಾದಂತೆ ಮುಂದಾಳುತನವು ರೋಗಿಯ ಹಾಸಿಗೆಯಿಂದ ದೂರ ಸರಿದಿದೆ. ಈ ದೂರವನ್ನು ತುಂಬಲು ದಾದಿಯರನ್ನೂ ದಾಖಲೆಗಾರರನ್ನೂ ಸಮಿತಿಗಳಲ್ಲಿ ಕೂರಿಸಬೇಕು. ಮೂರನೆಯದಾಗಿ, ರೋಗಿಯು ತನ್ನ ದಾಖಲೆಯನ್ನು ತನ್ನ ಭಾಷೆಯಲ್ಲಿ ಓದುವಂತಾಗುವವರೆಗೆ ಅವನ ‘ಒಪ್ಪಿಗೆ’ ಎಂಬುದು ಹೆಬ್ಬೆಟ್ಟಿನ ಗುರುತಿಗಿಂತ ಹೆಚ್ಚಿನದಾಗಲಾರದು.

ಚೆನ್ನೈಯಲ್ಲಿ ವೈದ್ಯರಾಗಿ, ದಾದಿಯರಾಗಿ, ಗಣಕತಜ್ಞರಾಗಿ ದುಡಿದ ಕನ್ನಡಿಗರು ಅನೇಕರಿದ್ದಾರೆ. ಅವರ ವೃತ್ತಿಜೀವನದ ಕಾಗದಪತ್ರಗಳು ಮನೆಯ ಅಟ್ಟಗಳಲ್ಲಿ ಧೂಳು ಹಿಡಿಯುತ್ತಿವೆ. ಗೊರೂರಿನ ಕ್ಯಾಪ್ಟನ್ನರ ಹೆಸರೇ ಅವರು ಕಟ್ಟಿದ ಆವರಣದ ನೆರೆಯಲ್ಲಿರುವ ನಮ್ಮವರಿಗೆ ಮರೆತುಹೋಗಿರುವಾಗ, ಇವರ ಹೆಸರುಗಳು ಉಳಿಯುವುವೆಂದು ನಂಬುವುದು ಹೇಗೆ? ವಾಚಕರು ತಂತಮ್ಮ ಮನೆತನಗಳಲ್ಲಿರುವ ಇಂತಹ ಸಾಮಗ್ರಿಯನ್ನು ಸಂಘದ ಗ್ರಂಥಭಂಡಾರಕ್ಕೆ ಒಪ್ಪಿಸಿದರೆ, ಇಲ್ಲಿ ಸ್ಥೂಲವಾಗಿ ಸೂಚಿಸಿದ ಚರಿತ್ರೆಯನ್ನು ಮುಂದಿನವರು ಪೂರ್ಣವಾಗಿ ಬರೆಯಬಲ್ಲರು.